ಜ್ಯೋತ್ಸ್ನಾಳ ಮುದ್ರೆ, ಅಮೂಲ್ಯಳ ಭಾನುವಾರ

ಭಾನುವಾರ ಬಂತೆಂದರೆ ಜ್ಯೋತ್ಸ್ನಾ ಪುಸ್ತಕ ಮುಚ್ಚಿಡುತ್ತಾಳೆ. ಅಂಗಡಿಗೆ ಕಾಲಿಡುವುದಿಲ್ಲ, ಬಟ್ಟೆ ಒಗೆಯುವುದಿಲ್ಲ, ಕಂಪ್ಯೂಟರಿನಲ್ಲಿ ಒಂದು ಗ್ರಾಫ್ ಕೂಡ ತೆರೆಯುವುದಿಲ್ಲ. ಅವಳು ಮಾರ್ಮನ್. ಕ್ರೈಸ್ತರಲ್ಲೇ ಅದೊಂದು ಪಂಗಡ. ಅವರಿಗೆ ಕಾಫಿ ಕೂಡದು, ಟೀ ಕೂಡದು, ಮದ್ಯವಂತೂ ಹತ್ತಿರ ಸುಳಿಯಬಾರದು. ತಿಂಗಳ ಮೊದಲ ಭಾನುವಾರ ಉಪವಾಸ. ಮದುವೆಗೆ ಮುಂಚೆ ಗಂಡಸಿನ ಕೈ ಹಿಡಿಯಬಹುದು, ಅದರಾಚೆಗೆ ಗೆರೆ ಎಳೆದಿದೆ. ಬೆಂಗಳೂರಿನ ಲಿಂಗರಾಜಪುರದಲ್ಲಿ ಅವಳಿಗೆ ಏಳು ವರ್ಷವಿದ್ದಾಗ, ತಾಯಿ ಅನಸೂಯಾ ತನ್ನ ಜೊತೆಯ ನರ್ಸ್ ಒಬ್ಬಳ ಮನೆಯಲ್ಲಿ ಈ ಸಭೆಯವರನ್ನು ಕಂಡಳು. ಗಂಡ ಬಿಟ್ಟುಹೋದ ಹೆಂಗಸನ್ನು ಯಾವ ಪ್ರಶ್ನೆಯನ್ನೂ ಕೇಳದೆ ಪಕ್ಕದಲ್ಲಿ ಕೂರಿಸಿಕೊಂಡವರು ಅವರೊಬ್ಬರೇ. ಮರುವರ್ಷ ತಾಯಿ ಮಗಳು ಒಟ್ಟಿಗೆ ದೀಕ್ಷಾಸ್ನಾನದ ನೀರಿನಲ್ಲಿ ಮುಳುಗಿ ಎದ್ದರು.

ಈಗ ಜ್ಯೋತ್ಸ್ನಾಳಿಗೆ ಇಪ್ಪತ್ತಾರು. ಹಿರೋಷಿಮಾ ನಗರದಿಂದ ರೈಲಿನಲ್ಲಿ ಮುಕ್ಕಾಲು ಗಂಟೆ ದೂರದ ಸೈಜೋದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ವಿಷಯ ಸಿಂಪಿ. ಚಳಿಗಾಲದಲ್ಲಿ ಹಿರೋಷಿಮಾದವರು ಸುಟ್ಟು, ಬೇಯಿಸಿ, ಹಸಿಯಾಗಿ, ಹೇಗೆ ಸಿಕ್ಕರೆ ಹಾಗೆ ತಿನ್ನುವ ಅದೇ ಸಿಂಪಿ. ಕಡಲು ಬಿಸಿಯಾದರೆ ಅದರ ಮರಿಗಳಿಗೆ ಏನಾಗುತ್ತದೆ ಎಂಬುದು ಅವಳ ಪ್ರಶ್ನೆ. ಕಣ್ಣಿಗೆ ಕಾಣದ ಆ ಮರಿಗಳು ತೊಟ್ಟಿಯಲ್ಲಿ ಈಜುತ್ತಿರುತ್ತವೆ. ಅವುಗಳಿಗೆ ದಿನವೂ ಪಾಚಿನೀರು ಉಣಿಸಬೇಕು, ನೀರು ಬದಲಿಸಬೇಕು, ಗಾಳಿಯ ಕೊಳವೆ ನೋಡಬೇಕು. ಸಿಂಪಿಮರಿಗೆ ಭಾನುವಾರ ಗೊತ್ತಿಲ್ಲ.

ಲ್ಯಾಬಿನಲ್ಲಿ ಇನ್ನೊಬ್ಬ ಕನ್ನಡದ ಹುಡುಗಿ ಇದ್ದಳು, ಮೈಸೂರಿನ ಅಮೂಲ್ಯ. ಎರಡು ವರ್ಷ ದೊಡ್ಡವಳು, ಮೊಟ್ಟೆ ಕೂಡ ಮುಟ್ಟದ ಮನೆಯವಳು. ಸಿಂಪಿಯನ್ನು ಸಾಕುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ.

"ನಮ್ಮಜ್ಜಿಗೆ ನಾನು ಮುತ್ತಿನ ಮೇಲೆ ರಿಸರ್ಚ್ ಮಾಡ್ತೀನಿ ಅಂತ ಹೇಳಿದೀನಿ ಕಣೇ," ಎಂದಿದ್ದಳು ಮೊದಲ ದಿನವೇ. "ಮುತ್ತು ಮಡಿ, ಸಿಂಪಿ ಮೈಲಿಗೆ. ನೀನು ಬಾಯಿ ಬಿಡಬೇಡ. ಬಾ, ಕಾಫಿ ಕುಡಿಯೋಣ."

"ನಾನು ಕುಡಿಯಲ್ಲ. ಮಾರ್ಮನ್."

"ಅಂದ್ರೆ? ನಾಲ್ಕು ಹೆಂಡ್ತಿ ಕಟ್ಕೋತಾರಲ್ಲ, ಅವರಾ?"

"ಅದೆಲ್ಲ ನೂರು ವರ್ಷದ ಹಿಂದೇನೇ ಬಿಟ್ರು."

"ಹೆಂಡ್ತೀರನ್ನ ಬಿಟ್ರು ಸರಿ, ಕಾಫೀನ ಯಾಕೆ ಬಿಟ್ರು? ಕಾಫಿ ಕುಡಿಯದ ಕನ್ನಡದವರನ್ನ ನಾನು ನಂಬಲ್ಲ ತಾಯಿ." ಹಾಗೆಂದವಳೇ ಕೊಂಬಿನಿ ಎಂಬ ಮೂಲೆಯಂಗಡಿಗೆ ಓಡಿ, ಬಾರ್ಲಿ ನೀರಿನ ಬಾಟಲಿ ತಂದು ಅವಳ ಕೈಗಿಟ್ಟಳು.

ಲ್ಯಾಬಿನ ಯಜಮಾನರು ಹಮಾಸಾಕಿ ಸೆನ್ಸೇ, ನಿವೃತ್ತಿಗೆ ಮೂರು ವರ್ಷ ಉಳಿದಿರುವ ಗುರುಗಳು. ಅವರದು ಹಳೆಯ ಕಾಲದ ಶಿಸ್ತು. ನಾಲ್ವರು ವಿದ್ಯಾರ್ಥಿಗಳು, ನಾಲ್ಕು ಭಾನುವಾರ, ನಾಲ್ಕು ಶನಿವಾರ. ತೊಟ್ಟಿಗಳ ಕೋಣೆಯಲ್ಲೊಂದು ಪಾಳಿಪುಸ್ತಕ. ಯಾರ ಪಾಳಿಯೋ ಅವರು ಬಂದು, ಉಷ್ಣತೆ ಬರೆದು, ಕೊನೆಯಲ್ಲಿ ತಮ್ಮ ಹಂಕೊ ಒತ್ತಬೇಕು. ಹಂಕೊ ಎಂದರೆ ಹೆಸರಿನ ಮುದ್ರೆ, ಬೆರಳುದ್ದದ್ದು. ಜಪಾನಿನಲ್ಲಿ ಅದನ್ನು ಒತ್ತಿದರೆ ನೀವು ಅಲ್ಲಿ ನಿಂತು ಮಾತು ಕೊಟ್ಟ ಹಾಗೆ.

ಭಾನುವಾರ ತನ್ನಿಂದಾಗದು ಎಂದು ಸೆನ್ಸೇ ಬಳಿ ಹೇಳಲು ಜ್ಯೋತ್ಸ್ನಾಳಿಗೆ ಧೈರ್ಯ ಸಾಲಲಿಲ್ಲ. ಬಂದು ಎರಡು ವಾರವೂ ಆಗಿರಲಿಲ್ಲ.

"ಕೇಳಿದ್ರೆ ಅವರು ಹಲ್ಲು ಕಚ್ಕೊಂಡು ಉಸಿರೆಳೀತಾರೆ ಅಷ್ಟೆ. ಅದು ಜಪಾನೀಸ್‌ನಲ್ಲಿ ನೋ," ಎಂದಳು ಅಮೂಲ್ಯ. "ಕೇಳಲೇಬೇಡ. ಭಾನುವಾರ ನಾನು ಹೇಗಿದ್ರೂ ಇಲ್ಲೇ ಬಿದ್ದಿರ್ತೀನಿ. ನಿನ್ನ ಹಂಕೊ ಡ್ರಾಯರ್‌ನಲ್ಲಿ ಇಟ್ಟಿರು, ಒತ್ತಿ ಹೋಗ್ತೀನಿ. ನನ್ನ ಶನಿವಾರ ನೀನು ಮಾಡು, ನನ್ನದು ಒತ್ತು. ಲೆಕ್ಕ ಚುಕ್ತಾ."

ಹೀಗೆ ಇಬ್ಬರ ಮುದ್ರೆಗಳೂ ಒಂದೇ ಡ್ರಾಯರು ಸೇರಿದವು. ಜ್ಯೋತ್ಸ್ನಾ ನಿಶ್ಚಿಂತಳಾಗಿ ರೈಲು ಹತ್ತಿ, ಹಿರೋಷಿಮಾದಲ್ಲಿ ಟ್ರಾಮ್ ಹಿಡಿದು ಚರ್ಚಿಗೆ ಹೋಗತೊಡಗಿದಳು. ಪ್ರಸಾದದ ರೊಟ್ಟಿಯ ಚೂರು ಬಾಯಿಗಿಟ್ಟು, ನೀರು ಗುಟುಕರಿಸಿ, ದೇವರ ದಿನವನ್ನು ಶುದ್ಧವಾಗಿ ಕಳೆದ ತೃಪ್ತಿಯಲ್ಲಿ ಮರಳುತ್ತಿದ್ದಳು.

ನಗಬೇಡಿ. ನಮ್ಮ ಮನೆಗಳಲ್ಲಿ ಮಡಿ ಉಟ್ಟು ಕೂತವರಿಗೆ ಬಾವಿಯ ಹಗ್ಗ ಎಳೆದವರು ಯಾರು, ಮುಸುರೆ ಎತ್ತಿದವರು ಯಾರು ಎಂದು ನಾವು ಎಂದಾದರೂ ಕೇಳಿದ್ದೇವೆಯೇ? ಒಬ್ಬರ ಶುದ್ಧಿಗೆ ಇನ್ನೊಬ್ಬರ ರಟ್ಟೆ ಬೇಕೇ ಬೇಕು. ದೇವರು ಬದಲಾದರೂ ಈ ಏರ್ಪಾಡು ಬದಲಾಗುವುದಿಲ್ಲ.

ಆದರೂ ಮೊದಲ ಏಳು ತಿಂಗಳು ಇಬ್ಬರೂ ಮಾತು ಉಳಿಸಿಕೊಂಡರು. ಶನಿವಾರ ಜ್ಯೋತ್ಸ್ನಾ ತಪ್ಪದೆ ಬರುತ್ತಿದ್ದಳು. ಆಮೇಲೆ ಅವಿನಾಶ ಬಂದ.

ಅವಿನಾಶ ಹೊಸಬನಲ್ಲ. ಬೆಂಗಳೂರಿನ ಚರ್ಚಿನಲ್ಲಿ ಅವಳಿಗಿಂತ ನಾಲ್ಕು ವರ್ಷ ಮುಂದಿದ್ದವನು. ಎರಡು ವರ್ಷ ದೆಹಲಿಯಲ್ಲಿ ಧರ್ಮಸೇವೆ ಮುಗಿಸಿ, ಸಾಫ್ಟ್‌ವೇರ್ ಸೇರಿ, ಈಗ ಟೋಕಿಯೊದ ಶಿನಾಗಾವಾದ ಕಚೇರಿಗೆ ಬಂದಿದ್ದ. ತಾಯಂದಿರು ಪರಸ್ಪರ ನಂಬರು ಕೊಟ್ಟರು. ಮಾತು ಬೆಳೆಯಿತು. ಭಾನುವಾರ ಇಬ್ಬರಿಗೂ ಚರ್ಚು, ವಾರದ ಐದು ದಿನ ಅವನಿಗೆ ಆಫೀಸು. ಉಳಿದದ್ದು ಶನಿವಾರ. ಇವಳು ಇಲ್ಲಿಂದ, ಅವನು ಅಲ್ಲಿಂದ ಬುಲೆಟ್ ರೈಲು ಹಿಡಿದು ಕೋಬೆಯಲ್ಲೋ ಒಸಾಕಾದಲ್ಲೋ ಸೇರುವರು. ಬಂದರಿನ ಬದಿಯಲ್ಲಿ ನಡೆಯುವರು, ಟೀ ಇಲ್ಲದ ಹೋಟೆಲು ಹುಡುಕಿ ಸೋಲುವರು. ಅವಿನಾಶ ಒಳ್ಳೆಯವನು, ಒರಟು ಮಾತಾಡಿದವನಲ್ಲ. ಅಕ್ಟೋಬರಿನಲ್ಲಿ ಮದುವೆ ಎಂದು ತೀರ್ಮಾನವಾಯಿತು. ಇವರಲ್ಲಿ ಮದುವೆ ವಾರದ ಚರ್ಚಿನಲ್ಲಲ್ಲ, ಅದಕ್ಕೆ ಬೇರೆಯೇ ದೇವಾಲಯವಿದೆ. ಬೆಂಗಳೂರಿನಲ್ಲಿ ಅದನ್ನು ಇನ್ನೂ ಕಟ್ಟುತ್ತಿದ್ದಾರೆ, ಆದ್ದರಿಂದ ಟೋಕಿಯೊದ ದೇವಾಲಯದಲ್ಲೇ.

"ಅಮೂ, ಈ ಶನಿವಾರ ಒಂದೇ ಒಂದು ಸಲ..." ಎಂದು ಜ್ಯೋತ್ಸ್ನಾ ಮೊದಲ ಬಾರಿ ಕೇಳಿದಾಗ ಅಮೂಲ್ಯ, "ಹೋಗಮ್ಮ ಹೋಗು, ಲವ್ ಮಾಡು, ಸಿಂಪಿ ಎಲ್ಲೂ ಓಡಿಹೋಗಲ್ಲ," ಎಂದು ನಕ್ಕಿದ್ದಳು. ಮೂರನೆಯ ಬಾರಿ ಕೇಳಬೇಕಾಗಲಿಲ್ಲ. ಹೇಳಿದರೆ ಸಾಕಾಗುತ್ತಿತ್ತು. ಐದನೆಯ ಬಾರಿ ಹೇಳುವುದೂ ನಿಂತಿತು. ಓದು, ಸ್ನೇಹ, ಪ್ರೀತಿ ಮೂರನ್ನೂ ಹೇಗಮ್ಮ ಸರಿದೂಗಿಸುತ್ತೀ ಎಂದು ಚರ್ಚಿನ ಹೆಂಗಸರು ಜ್ಯೋತ್ಸ್ನಾಳನ್ನು ಕೇಳುತ್ತಿದ್ದರು. ದೇವರ ಕೃಪೆ ಎನ್ನುತ್ತಿದ್ದಳು. ಅಮೂಲ್ಯಳ ಹೆಸರು ಅವಳ ನಾಲಿಗೆಗೆ ಬರಲಿಲ್ಲ.

ಕಳೆದ ವರ್ಷ ಜೂನ್ ತಿಂಗಳ ಮೊದಲ ಭಾನುವಾರ. ಪುಸ್ತಕದ ಪ್ರಕಾರ ಜ್ಯೋತ್ಸ್ನಾಳ ಪಾಳಿ. ಅವಳು ಉಪವಾಸದಲ್ಲಿ ಚರ್ಚಿನಲ್ಲಿ ಕೂತಿದ್ದಳು. ಅಮೂಲ್ಯ ಅಂದಿಗೆ ಹನ್ನೊಂದು ದಿನದಿಂದ ಒಂದು ದಿನವೂ ಬಿಡುವಿಲ್ಲದೆ ಲ್ಯಾಬಿಗೆ ಬಂದಿದ್ದಳು. ಗಾಳಿಯ ಕೊಳವೆ ಮುಚ್ಚಿ ನೀರು ಬದಲಿಸಿದಳು, ಪಾಚಿ ಉಣಿಸಿದಳು, ಉಷ್ಣತೆ ಬರೆದಳು, ಜ್ಯೋತ್ಸ್ನಾಳ ಮುದ್ರೆ ಒತ್ತಿದಳು, ಬಾಗಿಲೆಳೆದುಕೊಂಡು ಹೋದಳು. ಕೊಳವೆ ತೆರೆಯುವುದು ಮರೆತಳು.

ಸೋಮವಾರ ಬೆಳಿಗ್ಗೆ ಎರಡು ದೊಡ್ಡ ತೊಟ್ಟಿಗಳ ಮರಿಗಳೆಲ್ಲ ಸತ್ತು ತಳಕ್ಕಿಳಿದಿದ್ದವು. ನೀರು ನಾರುತ್ತಿತ್ತು. ಇಡೀ ಋತುವಿನ ಪ್ರಯೋಗ ಹೋಯಿತು.

ಸೆನ್ಸೇ ಕೂಗಾಡಲಿಲ್ಲ. ಪಾಳಿಪುಸ್ತಕ ತೆರೆದು ಕೆಂಪು ಮುದ್ರೆಯ ಮೇಲೆ ಬೆರಳಿಟ್ಟರು. "ಜ್ಯೋತ್ಸ್ನಾ ಸಾನ್. ನಿನ್ನೆ ನೀವು ಏನು ಮಾಡಿದಿರಿ, ಯಾವ ಗಂಟೆಗೆ ಏನು, ಎಲ್ಲ ಬರೆದು ಶುಕ್ರವಾರ ಕೊಡಿ. ಮುದ್ರೆ ಒತ್ತಿ ಕೊಡಿ."

ಪಕ್ಕದಲ್ಲೇ ನಿಂತಿದ್ದ ಅಮೂಲ್ಯಳ ಮುಖ ಸುಣ್ಣದಂತಾಗಿತ್ತು. ಕಾರಣವಿತ್ತು. ಅವಳ ವಿದ್ಯಾರ್ಥಿವೇತನ ಸೆಪ್ಟೆಂಬರಿಗೆ ಮುಗಿಯುತ್ತಿತ್ತು. ಇನ್ನೊಂದು ವರ್ಷ ಮುಂದುವರಿಸಬೇಕಾದರೆ ಸೆನ್ಸೇ ಅವಳ ನಡತೆ, ದುಡಿಮೆ ಕುರಿತು ಪತ್ರ ಬರೆಯಬೇಕು, ಅದೂ ಇದೇ ತಿಂಗಳೊಳಗೆ. ಪತ್ರ ಕೆಟ್ಟರೆ ಅರ್ಧ ಮುಗಿದ ಪಿಎಚ್‌ಡಿ ಬಿಟ್ಟು ಮೈಸೂರಿಗೆ ಟಿಕೆಟ್ಟು.

ಹೊರಗೆ ಸೈಕಲ್ ನಿಲ್ಲಿಸುವ ಕಡೆ ಅಮೂಲ್ಯ ಅವಳ ಕೈ ಹಿಡಿದಳು. "ನೀನೇ ಬಂದಿದ್ದೆ ಅಂತ ಬರಿ ಕಣೇ. ಕೊಳವೆ ತೆಗೆಯೋದು ಮರೆತೆ ಅಂತ. ನಿನಗಿನ್ನೂ ಎರಡು ವರ್ಷ ಇದೆ. ಬೈಸ್ಕೋತೀಯ, ಮುಗೀತು. ನನಗೆ ಈ ತಿಂಗಳು ಬಿಟ್ರೆ ಇನ್ನೊಂದಿಲ್ಲ."

ಜ್ಯೋತ್ಸ್ನಾ ಹೂಂ ಅಂದಳು. ಅನ್ನುವಾಗ ಹಗುರವಾಗಿತ್ತು.

ಸಂಜೆ ಅವಿನಾಶನ ಫೋನು ಬಂತು. ಎಲ್ಲ ಕೇಳಿ, "ನೋ ನೋ, ಹಾಗೆ ಬರೆಯೋಕಾಗಲ್ಲ," ಎಂದ. "ಬರೋ ಭಾನುವಾರ ನಿನಗೆ ಬಿಷಪ್ ಇಂಟರ್‌ವ್ಯೂ ಇದೆ, ನೆನಪಿದ್ಯಾ?"

ನೆನಪಿತ್ತು. ಮಾರ್ಮನ್ನರ ದೇವಾಲಯದೊಳಕ್ಕೆ ಯಾರೆಂದರೆ ಅವರು ಹೋಗುವಂತಿಲ್ಲ. ಊರಿನ ಬಿಷಪ್ ಎದುರು ಕೂರಿಸಿ ಪ್ರಶ್ನೆ ಕೇಳಿ, ಯೋಗ್ಯರೆಂದು ಕಂಡರೆ ಚೀಟಿ ಕೊಡುತ್ತಾರೆ. ಚೀಟಿಯಿಲ್ಲದೆ ಅಕ್ಟೋಬರಿನ ಮದುವೆಯಿಲ್ಲ. ಆ ಪ್ರಶ್ನೆಗಳಲ್ಲಿ ಒಂದು, ನೀನು ಮಾಡುವುದೆಲ್ಲದರಲ್ಲೂ ಪ್ರಾಮಾಣಿಕಳಾಗಿರಲು ಯತ್ನಿಸುತ್ತೀಯಾ ಎಂಬುದು.

"ನೀನು ಅಲ್ಲಿ ಇರ್ಲಿಲ್ಲ. ಅದು ಫ್ಯಾಕ್ಟ್," ಎಂದ ಅವಿನಾಶ. "ಇರ್ಲಿಲ್ಲ ಅಂತ ಬರಿ. ಅಮೂಲ್ಯ ಬಂದಿದ್ಲು, ಅವಳೇ ಒತ್ತಿದ್ಲು ಅಂತ ಬರಿ."

"ಮುದ್ರೆ ಕೊಟ್ಟಿದ್ದು ನಾನಲ್ವಾ?"

"ಅದನ್ನ ನೀನಾಗೇ ಯಾಕೆ ಹೇಳ್ತೀಯ? ಕೇಳಿದ್ರೆ ಹೇಳು. ಡ್ರಾಯರ್‌ನಲ್ಲಿತ್ತು, ಅವಳು ತಗೊಂಡ್ಲು. ಅದ್ರಲ್ಲಿ ಸುಳ್ಳೇನಿದೆ?"

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಜ್ಯೋತ್ಸ್ನಾಳಿಗೆ ಮೈಯೆಲ್ಲ ಇರಿಸುಮುರಿಸಾದದ್ದು ಅದಕ್ಕೇ. ಗೆಳತಿ ಕೇಳಿದ್ದು ನೇರವಾದ ಸುಳ್ಳು. ಮದುವೆಯಾಗುವವನು ಕೊಟ್ಟದ್ದು ಚೆನ್ನಾಗಿ ತೊಳೆದು ಒರೆಸಿಟ್ಟ ಸತ್ಯ, ಒಬ್ಬಳನ್ನು ಊರಿಗೆ ಕಳಿಸುವಷ್ಟು ಹರಿತವಾದದ್ದು. ಇಂಥ ಸತ್ಯಗಳಿಂದಲೇ ಎಷ್ಟೋ ಸಜ್ಜನರು ಕೈ ಕೊಳೆಯಾಗದಂತೆ ಬದುಕಿಬಿಡುತ್ತಾರೆ.

ಬುಧವಾರ ಅವಳು ಅಮೂಲ್ಯಳಿಗೆ ಹೇಳಿಬಿಟ್ಟಳು. ಇಬ್ಬರೂ ಸತ್ತ ತೊಟ್ಟಿಗಳನ್ನು ಉಜ್ಜುತ್ತಿದ್ದರು.

"ಅಮೂ, ನಾನು ಬಂದಿದ್ದೆ ಅಂತ ಬರೆಯೋಕೆ ಆಗ್ತಿಲ್ಲ."

ಅಮೂಲ್ಯ ಬ್ರಷ್ ನಿಲ್ಲಿಸಲಿಲ್ಲ. "ಸತ್ಯ ಹೇಳ್ಬೇಕು ನಿನಗೆ."

"ಹೂಂ."

"ಹೇಳು. ಭಾನುವಾರ ಬೇಕಿತ್ತು ನಿನಗೆ, ಕೊಟ್ಟೆ. ಶನಿವಾರ ಕೇಳ್ದೆ, ಕೊಟ್ಟೆ. ಆಮೇಲೆ ಕೇಳೋದೂ ಬಿಟ್ಟೆ, ಆಗ್ಲೂ ಕೊಟ್ಟೆ. ಈಗ ನಿನ್ನ ಸತ್ಯಕ್ಕೆ ನನ್ನ ಸ್ಕಾಲರ್‌ಶಿಪ್ ಬೇಕು. ತಗೋ ತಾಯಿ, ಅದನ್ನೂ ತಗೋ. ನೀನು ಸ್ವರ್ಗಕ್ಕೆ ಹೋಗೋ ಖರ್ಚೆಲ್ಲ ನಂದೇ."

ಬ್ರಷ್ ತೊಟ್ಟಿಗೆಸೆದು ಹೊರಟುಹೋದಳು. ಜ್ಯೋತ್ಸ್ನಾ ಎರಡನೆಯ ತೊಟ್ಟಿಯನ್ನೂ ಒಬ್ಬಳೇ ಉಜ್ಜಿದಳು. ಅಳಲಿಲ್ಲ. ಅಳುವ ಹಕ್ಕು ತನಗಿದೆಯೆಂದು ಅವಳಿಗೆ ಅನಿಸಲಿಲ್ಲ.

ಗುರುವಾರ ಮಧ್ಯಾಹ್ನ ಬಿಷಪ್ಪರನ್ನು ಕಾಣಲು ನಗರಕ್ಕೆ ಹೋದಳು. ಇವರಲ್ಲಿ ಬಿಷಪ್ ಎಂದರೆ ಸಂಬಳವಿಲ್ಲದ ಸೇವೆ. ಒಕಿತಾ ಅವರದು ಹೊಟ್ಟೆಪಾಡಿಗೆ ಟ್ರಾಮ್ ಓಡಿಸುವ ಕೆಲಸ. ಡಿಪೋದ ಎದುರು, ಸಮವಸ್ತ್ರದಲ್ಲೇ ಬೆಂಚಿನ ಮೇಲೆ ಕೂತು ಊಟದ ಡಬ್ಬಿ ಬಿಚ್ಚಿದ್ದರು.

"ಭಾನುವಾರದ ಇಂಟರ್‌ವ್ಯೂ ಬೇಡ, ಬಿಷಪ್. ಆ ಪ್ರಶ್ನೆಗೆ ನಾನು ಹೌದು ಅನ್ನೋಕಾಗಲ್ಲ," ಎಂದು ಜ್ಯೋತ್ಸ್ನಾ ನಡೆದದ್ದನ್ನೆಲ್ಲ ತನ್ನ ಮುರುಕು ಜಪಾನೀಸಿನಲ್ಲಿ ಹೇಳಿದಳು.

ಒಕಿತಾ ಅನ್ನ ನುಂಗಿ ನಿಧಾನಕ್ಕೆ ಕೇಳಿದರು. "ಭಾನುವಾರ ಲ್ಯಾಬಿಗೆ ಹೋಗಬೇಡ ಅಂತ ನಿಮಗೆ ಯಾರು ಹೇಳಿದರು?"

"ಸಬ್ಬತ್ ದಿನ ಕೆಲಸ ಮಾಡಬಾರದಲ್ಲ."

"ಸರಿ. ಮೂರು ವಾರಕ್ಕೊಮ್ಮೆ ಭಾನುವಾರ ಮೊದಲ ಟ್ರಾಮ್ ನನ್ನದು. ಓಡಿಸಿ ಮುಗಿಸಿ, ಟೈ ಕಟ್ಟಿಕೊಂಡು ಚರ್ಚಿಗೆ ಬರುತ್ತೇನೆ. ನೀವು ಚರ್ಚಿಗೆ ಬರುವ ಟ್ರಾಮನ್ನು ಯಾರು ಓಡಿಸುತ್ತಾರೆ ಅಂದುಕೊಂಡಿದ್ದಿರಿ?"

ಜ್ಯೋತ್ಸ್ನಾ ಡಿಪೋದಿಂದ ಹೊರಡುತ್ತಿದ್ದ ಟ್ರಾಮಿನತ್ತ ತಿರುಗಿದಳು.

"ಒಬ್ಬರು ಆ ಮರಿಗಳಿಗೆ ಉಣಿಸಲೇಬೇಕು. ಅದು ನೀವೇ ಆಗಬೇಕೋ ಬೇಡವೋ ಅನ್ನುವುದು ನಿಮ್ಮ ಮತ್ತು ದೇವರ ನಡುವಿನ ಮಾತು. ಅದನ್ನು ಆ ಹುಡುಗಿಯ ತಲೆಗೆ ಕಟ್ಟಿ, ದೇವರ ಹತ್ತಿರ ಒಳ್ಳೆಯವರಾಗಬೇಡಿ." ಡಬ್ಬಿ ಮುಚ್ಚಿದರು. "ಇಂಟರ್‌ವ್ಯೂ ಮುಂದಕ್ಕೆ ಹಾಕುತ್ತೇನೆ. ಯಾವಾಗ ಎಂದು ನೀವೇ ಹೇಳಿ."

ಮರಳುವ ರೈಲಿನಲ್ಲೇ ವರದಿ ಬರೆದಳು. ಹದಿನಾಲ್ಕು ತಿಂಗಳಲ್ಲಿ ನಾನು ಒಂದು ಭಾನುವಾರವೂ ಬಂದಿಲ್ಲ. ನನ್ನ ಮುದ್ರೆಯನ್ನು ನಾನೇ ಕೊಟ್ಟೆ. ನನಗಾಗಿ ಒಬ್ಬರು ಆ ಕೆಲಸ ಮಾಡಿದರು. ದಣಿದ ಅವರ ಮೇಲೆ ಶನಿವಾರಗಳನ್ನೂ ಹೇರಿದೆ. ಕೊಳವೆ ಮುಚ್ಚಿಕೊಂಡೇ ಉಳಿಯಲು ಕಾರಣ ನಾನು.

ಅದನ್ನು ಹಿಡಿದು ನೆಟ್ಟಗೆ ಅಮೂಲ್ಯಳ ಕೋಣೆಗೆ ಹೋದಳು. ಅಮೂಲ್ಯ ಬಾಗಿಲು ತೆಗೆದಳು, ಒಳಗೆ ಬಾ ಎನ್ನಲಿಲ್ಲ.

"ಓದು," ಎಂದಳು ಜ್ಯೋತ್ಸ್ನಾ. "ನಿನ್ನ ಹೆಸರು ಬರೆದಿಲ್ಲ. ಆದ್ರೂ ಸೆನ್ಸೇಗೆ ಗೊತ್ತಾಗುತ್ತೆ. ನೀನು ಬೇಡ ಅಂದ್ರೆ ಕೊಡಲ್ಲ. ನಾನೇ ಬಂದಿದ್ದೆ ಅಂತ ಬರೆದು ಒತ್ತಿಬಿಡ್ತೀನಿ."

"ನಿನ್ನ ಬಿಷಪ್‌ಗೆ ಏನಂತೀಯ?"

"ಇಂಟರ್‌ವ್ಯೂ ಕ್ಯಾನ್ಸಲ್ ಮಾಡಿ ಬಂದೆ."

"ಮದುವೆ?"

"ಅಕ್ಟೋಬರ್‌ನಲ್ಲಿ ಆಗಲ್ಲ. ಅವಿನಾಶ್‌ಗೆ ಇನ್ನೂ ಹೇಳಿಲ್ಲ. ನೀನು ಹೇಳು ಅಮೂ. ಈ ಸಲ ಕೇಳ್ತಿದೀನಿ."

ಅಮೂಲ್ಯ ಬಾಗಿಲಿಗೆ ಒರಗಿ ನಿಂತು ಓದಿದಳು. ಎರಡು ಸಲ ಓದಿದಳು. ಆಮೇಲೆ ಹುಬ್ಬು ಗಂಟಿಕ್ಕಿದಳು.

"ಇದೇನು ಇದು, 'ಒಬ್ಬರು'? ನಾನೇನು ದೆವ್ವಾನಾ? ಒಂದು ವರ್ಷ ಆ ಕೋಣೇಲಿ ಬಗ್ಗಿ ಬಗ್ಗಿ ನನ್ನ ಸೊಂಟ ಹೋಯ್ತು. ಪುಸ್ತಕ ತೆಗೆದ್ರೆ ಅಲ್ಲಿ ನಾನೇ ಇಲ್ಲ, ಎಲ್ಲಾ ಕಡೆ ನೀನೇ! ಈಗ ವರದೀಲೂ ನಾನು ಒಬ್ಬರಾ? ಹೆಸರು ಬರಿ. ಪೂರ್ತಿ ಬರಿ."

"ಹೆಸರು ಬರೆದ್ರೆ ನಿನ್ನ ಸ್ಕಾಲರ್‌ಶಿಪ್..."

"ಹೋದ್ರೆ ಹೋಗುತ್ತೆ. ನಾನು ಮಾಡ್ದೇ ಇರೋದಕ್ಕಲ್ವಲ್ಲ, ಮಾಡಿದ್ದಕ್ಕೆ ಹೋಗ್ಲಿ. ಕೊಳವೆ ಮರೆತದ್ದು ನಾನು, ಅದನ್ನೂ ಬರಿ. ಮತ್ತೆ ಈ ಜಪಾನೀಸ್ ಏನೇ ಇದು, ಎಲ್‌ಕೆಜಿ ಮಗು ಬರೆದ ಹಾಗಿದೆ. ಪೆನ್ ಕೊಡು ಇಲ್ಲಿ."

ಶುಕ್ರವಾರ ಇಬ್ಬರೂ ಒಟ್ಟಿಗೆ ಸೆನ್ಸೇ ಎದುರು ನಿಂತರು. ಅವರು ಓದಿ ಮುಗಿಸಿ ಕನ್ನಡಕ ತೆಗೆದರು.

"ಭಾನುವಾರ ಆಗುವುದಿಲ್ಲ ಎಂದು ನನಗೆ ಏಕೆ ಹೇಳಲಿಲ್ಲ?"

"ನೀವು ಒಪ್ಪುವುದಿಲ್ಲ ಎಂದು ಹೆದರಿದೆ," ಎಂದಳು ಜ್ಯೋತ್ಸ್ನಾ.

"ಒಪ್ಪುತ್ತಲೂ ಇರಲಿಲ್ಲ," ಎಂದರು ಸೆನ್ಸೇ. ಪಾಳಿಪುಸ್ತಕವನ್ನು ಅವರತ್ತ ಸರಿಸಿದರು. "ಮರಿಗಳು ಸತ್ತದ್ದು ಒಂದು ದಿನದ ತಪ್ಪು. ಪುಸ್ತಕ ಸುಳ್ಳಾದದ್ದು ಹದಿನಾಲ್ಕು ತಿಂಗಳ ತಪ್ಪು. ಅದನ್ನು ಸರಿಮಾಡಿ. ಸರಿಯಾದ ಮೇಲೆ ಪುಸ್ತಕ ಏನು ಹೇಳುತ್ತದೋ ಅದನ್ನೇ ನಾನು ಪತ್ರದಲ್ಲಿ ಬರೆಯುತ್ತೇನೆ. ಹೆಚ್ಚಿಲ್ಲ, ಕಡಿಮೆಯಿಲ್ಲ."

ಅಲ್ಲಿನ ಕಾಗದಗಳಲ್ಲಿ ತಪ್ಪನ್ನು ಉಜ್ಜಿ ಅಳಿಸುವ ಹಾಗಿಲ್ಲ. ತಪ್ಪು ಕಾಣುವಂತೆಯೇ ಅದರ ಮೇಲೆ ಎರಡು ಗೆರೆ ಎಳೆದು, ಪಕ್ಕದಲ್ಲಿ ನಿಜವಾದದ್ದನ್ನು ಬರೆದು, ಅಲ್ಲೇ ಮುದ್ರೆ ಒತ್ತಬೇಕು. ಇಬ್ಬರೂ ಒಂದೇ ಮೇಜಿನ ಎರಡು ಬದಿ ಕೂತು, ನಡುವೆ ಕೆಂಪು ಮಸಿಯ ಡಬ್ಬಿ ಇಟ್ಟುಕೊಂಡರು. ಜ್ಯೋತ್ಸ್ನಾ ಒಂದೊಂದೇ ಭಾನುವಾರಕ್ಕೆ ಗೆರೆ ಎಳೆದಳು. ಅಮೂಲ್ಯ ಪಕ್ಕದಲ್ಲಿ ತನ್ನ ಮುದ್ರೆ ಒತ್ತಿದಳು. ನಡುವೆ ಒಂದು ಶನಿವಾರ ಬಂದಾಗ ಅಮೂಲ್ಯ ಪುಸ್ತಕವನ್ನು ತನ್ನ ಕಡೆಗೆಳೆದುಕೊಂಡಳು.

"ಇದು ನೀನು. ಮೊದಲನೇ ವರ್ಷ, ಅಕ್ಟೋಬರ್. ನನಗೆ ಹಲ್ಲುನೋವು, ನೀನು ಎರಡು ಸಲ ಬಂದಿದ್ದೆ." ತನ್ನ ಮುದ್ರೆಯ ಮೇಲೆ ತಾನೇ ಎರಡು ಗೆರೆ ಎಳೆದಳು. "ಒತ್ತು."

ಜ್ಯೋತ್ಸ್ನಾ ಒತ್ತಿದಳು.

ಸೆನ್ಸೇ ಹೇಳಿದಂತೆಯೇ ಮಾಡಿದರು. ಅಮೂಲ್ಯ ಪಾಳಿಪುಸ್ತಕದಲ್ಲಿ ಪರರ ಮುದ್ರೆ ಬಳಸಿದ್ದಾಳೆ ಎಂದು ಪತ್ರದಲ್ಲಿ ಬರೆದರು. ಲ್ಯಾಬಿನ ಯಾವ ವಿದ್ಯಾರ್ಥಿಗಿಂತಲೂ ಹೆಚ್ಚು ದಿನ ದುಡಿದಿದ್ದಾಳೆ ಎಂದೂ ಬರೆದರು. ಒಂದು ವರ್ಷ ಕೇಳಿದ ಕಡೆ ಆರು ತಿಂಗಳು ಸಿಕ್ಕಿತು, ಮತ್ತೆ ಅರ್ಜಿ ಹಾಕಬಹುದೆಂಬ ಸಾಲಿನೊಂದಿಗೆ. ಅಮೂಲ್ಯ ಮೈಸೂರಿಗೆ ಹೋಗಬೇಕಾಗಲಿಲ್ಲ. ಜ್ಯೋತ್ಸ್ನಾಳನ್ನು ಆ ಋತುವಿನ ಪ್ರಯೋಗದಿಂದ ಕೈಬಿಟ್ಟರು. ಪಾಳಿ ಮಾತ್ರ ಉಳಿಸಿದರು. ಅವಳ ಪಿಎಚ್‌ಡಿ ಅರ್ಧ ವರ್ಷ ಹಿಂದೆ ಬಿತ್ತು.

ಅವಿನಾಶ ಮೂರು ದಿನ ಫೋನು ಮಾಡಲಿಲ್ಲ. ನಾಲ್ಕನೆಯ ದಿನ ಮಾಡಿ, "ಇಷ್ಟೆಲ್ಲ ಬೇಕಿತ್ತಾ?" ಎಂದ.

"ಬೇಕಿತ್ತು," ಎಂದಳು. "ಇನ್ಮೇಲೆ ಶನಿವಾರ ಕೋಬೆಗೆ ಬರೋಕಾಗಲ್ಲ ಅವಿನಾಶ್. ಅಮೂಗೆ ತೀರಿಸಬೇಕಾದ ಶನಿವಾರಗಳು ಬೇಕಾದಷ್ಟಿವೆ. ನೋಡ್ಬೇಕು ಅನ್ಸಿದ್ರೆ ಸೈಜೋಗೇ ಬಾ. ಬೂಟು ಕೊಡ್ತೀನಿ, ತೊಟ್ಟಿ ತೊಳಿ."

ಅವನು ನಗಲಿಲ್ಲ. ನೋಡೋಣ ಎಂದ. ಜುಲೈ ಕೊನೆಗೊಮ್ಮೆ ಬಂದ, ತೊಳೆದ, ಹೆಚ್ಚು ಮಾತಾಡಲಿಲ್ಲ. ಮದುವೆಯ ದಿನ ಇನ್ನೂ ಗೊತ್ತಾಗಿಲ್ಲ.

ಆದರೆ ಅದಕ್ಕೆ ಮುಂಚೆ, ಜೂನ್ ಕೊನೆಯ ಭಾನುವಾರ, ಜ್ಯೋತ್ಸ್ನಾಳ ಪಾಳಿ ಮತ್ತೆ ಬಂತು. ಬೆಳಿಗ್ಗೆ ಆರಕ್ಕೇ ಲ್ಯಾಬಿಗೆ ಹೋದಳು. ಹೊಸ ಮರಿಗಳಿದ್ದವು. ನೀರು ಬದಲಿಸಿ, ಪಾಚಿ ಉಣಿಸಿ, ಕೊಳವೆಯನ್ನು ಮೂರು ಸಲ ಮುಟ್ಟಿ ನೋಡಿ, ಮುದ್ರೆ ಒತ್ತಿ ಹೊರಟಾಗ ರೈಲು ತಪ್ಪಿಹೋಗಿತ್ತು. ಚರ್ಚು ತಲುಪುವಷ್ಟರಲ್ಲಿ ರೊಟ್ಟಿ, ನೀರು ಹಂಚಿ ಮುಗಿದಿತ್ತು. ಹಿಂದಿನ ಸಾಲಿನಲ್ಲಿ ಕೂತಳು. ಕೈ ಪಾಚಿ ನಾರುತ್ತಿತ್ತು, ಪಕ್ಕದ ಹೆಂಗಸು ಮೆಲ್ಲಗೆ ಸರಿದು ಕೂತಳು.

ಹನ್ನೊಂದೂವರೆಗೆ ಫೋನು ಗುಂಯ್ ಎಂದಿತು. ಮೂರು ವಾರದಿಂದ ಕೆಲಸಕ್ಕೆ ಬೇಕಾದಷ್ಟೇ ಮಾತಾಡುತ್ತಿದ್ದ ಅಮೂಲ್ಯಳ ಮೆಸೇಜು.

"ಈಗ ಎದ್ದೆ ಕಣೇ. ಭಾನುವಾರ ಅಲ್ವಾ."